ತೋಶಕು

ಅಪ್ಪನ ಅಂಗಡಿಯ ಮಾತೇ ಬೇರೆ, ಮನೆಯ ಮಾತೇ ಬೇರೆ.
ಚಿಟಗುಪ್ಪದ ಬಸ್‌ನಿಲ್ದಾಣದ ಹಿಂದೆ
ಕಮಾನಿನ ತಂತಿ ಟೊಂಯ್ ಟೊಂಯ್ ಎನ್ನುವಾಗ
ಗಿರಾಕಿ ಕೇಳುವುದು ರಜಾಯಿ, ಲಿಹಾಫು, ತಕಿಯಾ,
ತಕಿಯಾಕ್ಕೊಂದು ಗಿಲಾಫು, ಮೇಲೆ ಪಲಂಗಪೋಶು.
ಮೀಸೆಗೆ, ರೆಪ್ಪೆಗೆ ಹತ್ತಿ ಮೆತ್ತಿಕೊಂಡ ಅಪ್ಪ
ಆ ಮಾತುಗಳನ್ನು ತೂಗಿ ಕೊಡುತ್ತಿದ್ದ:
ರಜಾಯಿಗೆ ಮೂರು ಕಿಲೊ, ತೋಶಕಿಗೆ ಎಂಟು.
"ಅರಬಿನೋ ಫಾರಸಿನೋ ಯಾರಿಗ್ಗೊತ್ತು,
ಹತ್ತಿ ಮಾತ್ರ ಇಲ್ಲೀದು, ಕರಿ ಹೊಲದ್ದು."

ಸಂಜೆ ಬಾಗಿಲೆಳೆದು ಮನೆಗೆ ಬಂದರೆ
ನಮಗೆ ಹಾಸಿಗಿ, ನಮಗೆ ತೆಲಿಗಿಂಬು,
ಅವ್ವನ ಹಳೆ ಸೀರೆಗಳ ಕೌದಿ.
ಆರು ಮಂದಿ, ಎರಡು ಕೌದಿ.
ತುದಿಯವರ ಬೆನ್ನು ಬೀದರಿನ ಚಳಿಗೆ.

ತೋಶಕು ಒಂದೇ ಒಂದಿತ್ತು,
ಟ್ರಂಕಿನ ಮೇಲೆ, ಚಾದರದ ಗಂಟಿನಲ್ಲಿ,
ಮಡಿಕೆಗೊಂದು ಹಿಡಿ ಬೇವಿನೆಲೆ.
ಅದು ಪಾವಣ್ಯಾರದು.
ದೊಡ್ಡಮಾವ ಬಂದರೆ, ಹುಮನಾಬಾದಿನ ಮಾಸ್ತರರು ಬಂದರೆ
ಅವ್ವ ದನಿ ಸಣ್ಣ ಮಾಡಿ,
ಬಿರುಕಿಲ್ಲದ ಒಂದೇ ಬಟ್ಟಲನ್ನು ಮಾಡದಿಂದ ಇಳಿಸಿದ ಹಾಗೆ,
"ಬಿಸ್ತರ ಹಾಸೀನಿ, ಆರಾಮ ಮಾಡ್ರಿ" ಅನ್ನುವಳು.
ನಮಗೆಂದೂ ಆಕೆ ಬಿಸ್ತರ ಹಾಸಲಿಲ್ಲ.
"ಹಾಸ್ಕೊಂಡು ಬೀಳ್ರಿ", ಅಷ್ಟೇ.
ಒಮ್ಮೆ ಅದರ ಮೇಲೆ ಉರುಳಾಡಿದ ತಮ್ಮ ಮೈನೋದ್ದಿಗೆ
ಬಿದ್ದ ಪೆಟ್ಟು ಕಮಾನಿನ ಟೊಂಯ್‌ಗಿಂತ ಜೋರು.

ನಿಕಾ ಆಗಿ ಯಾದಗಿರಿಗೆ ಹೋದೆ.
ಮೂರು ತಿಂಗಳಿಗೆ, ಹಲ್ಲು ಕಟಕಟಿಸುವ ಹೊತ್ತಲ್ಲಿ,
ಮೊದಲ ಸಲ ತವರಿಗೆ ಬಂದೆ.
ಉಂಡು, ಗಂಗಾಳ ತೊಳೆದಿಟ್ಟು,
ಕೌದಿಯ ನನ್ನ ಮೂಲೆಗೆ ಕಾಲು ಚಾಚಬೇಕು,
ಅವ್ವ ಗಂಟು ಬಿಚ್ಚುತ್ತಿದ್ದಳು.
ಒಣಬೇವು ನೆಲಕ್ಕೆ ಉದುರಿತು.
"ಬಾ, ಬಿಸ್ತರ ಹಾಸೀನಿ."

ಯಾರೂ ಏನೂ ಅನ್ನಲಿಲ್ಲ.
ನನ್ನ ಜಾಗದಲ್ಲಿ ಮೈನೋದ್ದಿ
ಆಗಲೇ ಕೈಕಾಲು ಹರವಿಕೊಂಡಿದ್ದ.

ಎಂಟು ಕಿಲೊ ಹತ್ತಿಯ ಮೇಲೆ
ನೆಟ್ಟಗೆ ಮಲಗಿದೆ, ಮಗ್ಗುಲಾಗಲು ಅಂಜಿ.
ಅಪ್ಪನ ದಬ್ಬಣದ ಹೊಲಿಗೆ ಬೆರಳಿಗೆ ಸಿಕ್ಕಿತು.
ಎಣಿಸಿದೆ. ತಪ್ಪಿತು. ಮತ್ತೆ ಎಣಿಸಿದೆ.
ನಡುರಾತ್ರಿ ಎದ್ದು ಅವ್ವನ ಭುಜ ಅಲುಗಿಸಿ,
"ನೀ ಆ ಕಡಿ ಹೋಗ, ಇಷ್ಟು ಮೆತ್ತಗಿದ್ರ
ನಂಗ ನಿದ್ದಿ ಬರಂಗಿಲ್ಲ" ಅಂದೆ.
ನಿದ್ದೆಗಣ್ಣಲ್ಲೇ ಎದ್ದು ಹೋದಳು, ಎಲ್ಲಿಗೆಂದು ತಿಳಿಯದೆ.

ಫಜರಿಗೆ ಎದ್ದ ಅಪ್ಪ ಹೊಸ್ತಿಲಲ್ಲಿ ನಿಂತುಬಿಟ್ಟ.
ಪಾವಣ್ಯಾರ ತೋಶಕಿನ ಮೇಲೆ
ಬಾಯಿ ತೆರೆದು ಅವ್ವನ ಗೊರಕೆ.
ವರ್ಷ ವರ್ಷ ಹತ್ತಿ ಹಿಂಜಿ
ತಾನೇ ತುಂಬಿ, ತಾನೇ ಹೊಲಿದದ್ದು.
ಎಬ್ಬಿಸಲಿಲ್ಲ.
ಚಾದರ ಎಳೆದು ಆಕೆಯ ಒಡಕು ಹಿಮ್ಮಡಿಗೆ ಹೊದಿಸಿ
ಚಹಾಕ್ಕೆ ತಾನೇ ಒಲೆ ಹಚ್ಚಿದ.