ನೇಟಿವ್ ಯಾವುದು?

ರಾತ್ರಿ ಎರಡೂಕಾಲು. ದೌಗಾವ್‌ಪಿಲ್ಸ್‌ನ ಆಸ್ಪತ್ರೆಯಲ್ಲಿ
ರಕ್ತನಿಧಿಯ ನಾಲ್ಕು ಫ್ರಿಜ್ಜುಗಳು ಪರದೆಯಿಂದ ಮಾಯ.
ಕೆಟ್ಟಿಲ್ಲ. ಮುಟ್ಟಿದರೆ ತಣ್ಣಗಿವೆ, ಗುಂಯ್ ಅನ್ನುತ್ತಲೂ ಇವೆ;
ಕಾವಲಿನ ಕಂಪ್ಯೂಟರಿಗೆ ಮಾತ್ರ ಅವು ಇಲ್ಲ.

ಉಣ್ಣೆ ಟೊಪ್ಪಿ ತೆಗೆಯದೆ ಇನೆಸ್ಸಾ ಸ್ವಿಚ್ಚಿನ ಮುಂದೆ ಕೂತಳು.

ಹಳೇ ಕಟ್ಟಡಕ್ಕೂ ಹೊಸದಕ್ಕೂ ನಡುವೆ ಅಂಗಳ,
ಅಂಗಳದ ಹಿಮದಡಿ ಗಾಜಿನ ಒಂದೇ ಎಳೆ, ಟ್ರಂಕು.
ಎಲ್ಲವೂ ಅದರೊಳಗೇ ಹಾಯಬೇಕು:
ಎಕ್ಸ್‌ರೇ, ಔಷಧದ ಲೆಕ್ಕ, ಹೆರಿಗೆ ವಾರ್ಡಿನ ಫೋನು.
ಒಂದೊಂದರ ಕೊರಳಲ್ಲೂ ನಂಬರಿನ ಚೀಟಿ.
ಆಚೆ ದಡದಲ್ಲಿ ಚೀಟಿ ನೋಡಿ ಬಾಗಿಲು ತೆಗೆಯುತ್ತಾರೆ.

ಚೀಟಿ ಇಲ್ಲದೆ ಬಂದದ್ದು?
ಅದಕ್ಕೂ ಒಂದು ಮನೆ ಗೊತ್ತುಮಾಡಿರುತ್ತಾರೆ.
ಹೆಸರು ನೇಟಿವ್. ಹೌದು, ನಾವು ಬಸ್ಸಿನಲ್ಲಿ
ಪಕ್ಕ ಕೂತವರನ್ನು 'ನೇಟಿವ್ ಯಾವುದು' ಅನ್ನುತ್ತೇವಲ್ಲ, ಅದೇ ಪದ.
ಇಲ್ಲಿ ಉತ್ತರ ಹೇಳುವುದು ಪ್ರಯಾಣಿಕನಲ್ಲ,
ಬಾಗಿಲು.

ಎರಡು ಬಾಗಿಲೂ ಒಂದೇ ಉತ್ತರ ಹೇಳಿದರೆ ಸರಿ.
ಇಲ್ಗೋನಿಸ್ ನಿವೃತ್ತನಾಗುವ ಮುಂಚೆ ಈ ಕಡೆ ಬರೆದದ್ದು ಒಂದು.
ರಾತ್ರಿ ಹನ್ನೊಂದಕ್ಕೆ ಗುತ್ತಿಗೆಯ ಹುಡುಗನೊಬ್ಬ
ಆ ಕಡೆ ಬರೆದು ಹೋದದ್ದು ತೊಂಬತ್ತೊಂಬತ್ತು.
ಒಂದು ಅಂದರೆ ಅಡುಗೆಮನೆ. ತೊಂಬತ್ತೊಂಬತ್ತು ರಕ್ತನಿಧಿ.
ಅಂಗಳ ದಾಟುವಷ್ಟರಲ್ಲಿ ಅದು ಇದಾಗಿದೆ;
ಫ್ರಿಜ್ಜುಗಳು ವಿಳಾಸ ಬೇಡಿವೆ,
ಗಂಜಿಯ ಲೆಕ್ಕ ಇಡುವ ಯಂತ್ರ ಧಾರಾಳವಾಗಿ ಕೊಟ್ಟಿದೆ.
ನಿಮಿಷಕ್ಕೊಮ್ಮೆ ಸ್ವಿಚ್ಚು ಗೊಣಗುತ್ತಲೇ ಇತ್ತು:
ಎರಡು ತುದಿ ಹೊಂದುತ್ತಿಲ್ಲ, ಹೊಂದುತ್ತಿಲ್ಲ.
ಯಾರೂ ಓದಿರಲಿಲ್ಲ.

ತಿದ್ದಲು ಒಂದು ಸಾಲು ಸಾಕು.
ಆದರೆ ಕೈಪಿಡಿ ಇನ್ನೂ ಬಿಗಿ:
ನೇಟಿವ್ ಅನ್ನು ಎರಡೂ ಕಡೆ ಯಾರೂ ವಾಸವಿಲ್ಲದ ನಂಬರಿಗೆ ಕೊಡು.
ಚೀಟಿಯ ಕೆಳಗೆ ಚೀಟಿ ಅಂಟಿಸಿ ನುಸುಳುವವರಿದ್ದಾರೆ,
ಮೇಲಿನದು ಉದುರುತ್ತದೆ, ಒಳಗಿನದು ಬಾಗಿಲು ತೆಗೆಸುತ್ತದೆ.
ಆದ್ದರಿಂದ, ಚೀಟಿ ಇಲ್ಲದ್ದು ಬರಲಿ,
ಬಂದು ಖಾಲಿ ಕೋಣೆಯಲ್ಲಿ ಕೂರಲಿ.

ಒಂಬೈನೂರ ತೊಂಬತ್ತೊಂಬತ್ತು ಒತ್ತಿ
ಎಂಟರಿನ ಮೇಲೆ ಬೆರಳಿಟ್ಟು ತಡೆದಳು.
ಅಮ್ಮ ಹುಟ್ಟಿದ್ದು ಈ ಊರಲ್ಲೇ.
ಮೂವತ್ತೊಂದು ವರ್ಷ ಬೀಟ್‌ರೂಟು ಹೆಚ್ಚಿದ್ದು ಇದೇ ಅಡುಗೆಮನೆಯಲ್ಲಿ.
ಪಾಸ್‌ಪೋರ್ಟಿನ ರಟ್ಟಿನ ಮೇಲೆ ಅಚ್ಚಾಗಿರುವುದು: ನಾಗರಿಕಳಲ್ಲ.
ಭಾಷೆಯ ಪರೀಕ್ಷೆ ಬರೆಯಮ್ಮಾ ಅಂದರೆ
'ಬೀಟ್‌ರೂಟು ಯಾವ ಭಾಷೆಯಲ್ಲಿ ಬೇಯುತ್ತೇ?' ಎಂದು ನಕ್ಕಿದ್ದಳು.

ಒತ್ತಿದಳು.
ಅಂಗಳ ದಾಟಿ, ಆ ತುದಿಯಲ್ಲೂ ಒತ್ತಿದಳು.
ಫ್ರಿಜ್ಜುಗಳ ತಂತಿ ಕಿತ್ತು ಮತ್ತೆ ಸಿಕ್ಕಿಸಿದ ಮೇಲೆ
ಒಂದೊಂದೇ ಮರಳಿದವು ಪರದೆಗೆ: ನಾಲ್ಕು ಡಿಗ್ರಿ, ನಾಲ್ಕು, ಮೂರೂವರೆ, ನಾಲ್ಕು.

ವಾಪಸು ಬರುವಾಗ ಹಿಮದಲ್ಲಿ ಅವಳವೇ ಹೆಜ್ಜೆ, ಎದುರು ಮುಖವಾಗಿ.
ಹಳೇ ಕಟ್ಟಡದ ಬಾಗಿಲಲ್ಲಿ ಮುದಿ ಕಾವಲುಗಾರ ಅಡ್ಡ ನಿಂತ.
ಬ್ಯಾಡ್ಜು?
ಸ್ವಿಚ್ಚಿನ ಕೋಣೆಯಲ್ಲೇ ಬಿಟ್ಟಿದ್ದಳು.
ಟಾರ್ಚು ಎತ್ತಿ ಮುಖ ನೋಡಿದ, ಟೊಪ್ಪಿ ನೋಡಿದ.
'ಬೀಟ್‌ರೂಟು ಹೆಚ್ಚುತ್ತಿದ್ದಳಲ್ಲ, ಅವಳ ಮಗಳಲ್ವಾ ನೀನು?
ಬಾ ಒಳಗೆ, ಚಳಿ.'