ಸೋರುವುದರೊಳಗೆ

ವಾರಪೂರ್ತಿ ಕರೆಂಟ್ ಬಿಲ್ಲಿನ ಕಿಂಡಿಯಲ್ಲಿ ಕೂತು
ಚಿಲ್ಲರೆ ಇಲ್ಲ ಅನ್ನುವುದೇ ನನ್ನ ಕಸುಬು.
ಭಾನುವಾರ ಮಾತ್ರ ಗುಂಡಬ್ರಹ್ಮಯ್ಯನವರ ಹಿತ್ತಿಲಲ್ಲಿ
ತಿಗರಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಕೆರೆಯ ಮಣ್ಣಿಗೆ ಬೆರಳು ಕೊಟ್ಟೆ.
"ಅದುಮಬ್ಯಾಡಿ ಮೇಡಂ, ಅದು ರಬ್ಬರ್ ಸ್ಟಾಂಪಲ್ಲ.
ಸುಮ್ನೆ ಕೈ ಇಕ್ಕಿ, ಅದೇ ಎದ್ದು ಬತ್ತದೆ."
ಬರಲಿಲ್ಲ.
ಎದ್ದಷ್ಟೂ ಒಂದು ಪಕ್ಕಕ್ಕೆ ವಾಲಿತು,
ಹಲ್ಲುನೋವಿನ ಕೆನ್ನೆಯ ಹಾಗೆ.

ಹನ್ನೊಂದು ವಾರ, ಹದಿನಾರು ಮಂದಿ ನಾವು.
ನರ್ಸ್ ಫಿಲೋಮಿನಾ, ಟೈಲರ್ ಮುಸ್ತಾಕ್,
ಎಂಟನೇ ಕ್ಲಾಸಿನ ಮೂರು ತರಲೆಗಳು.
ಕುಂಬಾರನಿಗೆ ವರುಷ ಅನ್ನುತ್ತದೆ ಗಾದೆ;
ನಮಗೆ ವರುಷವಿರಲಿಲ್ಲ,
ದೊಣ್ಣೆ ಮಾತ್ರ ನಮ್ಮ ಕೈಯಲ್ಲೇ ಇತ್ತು.
ಒಡೆದದ್ದು ಒಡೆದು, ಆವಿಗೆಯಿಂದ
ಉಳಿದು ಬಂದದ್ದು ಇನ್ನೂರ ಹನ್ನೊಂದು ಬಟ್ಟಲು.

ಒಂದಕ್ಕೆ ನೂರೈವತ್ತು. ಬಟ್ಟಲ ತುಂಬ ಬಸ್ಸಾರು,
ಮುತ್ತುಗದೆಲೆಯ ಮೇಲೆ ಮುದ್ದೆ,
ಉಂಡು ತೊಳೆದ ಬಟ್ಟಲು ಉಂಡವರ ಮನೆಗೆ.
ದುಡ್ಡು ದೊಡ್ಡಾಸ್ಪತ್ರೆಯ ವರಾಂಡಕ್ಕೆ:
ಒಳಗೆ ಮಲಗಿದವರಿಗೆ ಹಾಲು ಬ್ರೆಡ್ಡು ಉಂಟು,
ಹೊರಗೆ ಚಾಪೆ ಹಾಸಿ ಕಾಯುವವರ ರಾತ್ರಿ ಹಸಿವಿಗೆ
ಯಾವ ವಾರ್ಡೂ ಇಲ್ಲ ಮಂಡ್ಯದಲ್ಲಿ.

ಸ್ಕೂಲಿನ ಅಂಗಳದಲ್ಲಿ ಕೋಳಿ ಕೂಗುವ ಮೊದಲೇ
ಜವರಮ್ಮನ ಒಲೆ ಹತ್ತಿತ್ತು.
ಅಲಸಂದೆ ಬೆಂದು, ಕಟ್ಟು ಬಸಿದು,
ಮುದ್ದೆ ತೊಳಸುವ ಕೋಲಿಗೆ ಗಂಡಸರ ಸರದಿ.
ಸುಭಾಷ್‌ನಗರದಿಂದ ಹುಚ್ಚೆಳ್ಳು ಪುಡಿ,
ಮುಸ್ತಾಕ್ ಮನೆಯಿಂದ ಬಕೆಟ್ಟಿನಷ್ಟು ಹೆಚ್ಚಿದ ಈರುಳ್ಳಿ,
ಯಾರೋ ಹೆಸರು ಹೇಳದೆ ಇಟ್ಟುಹೋದ
ಎರಡು ಅಚ್ಚು ಬೆಲ್ಲ, ಪೇಪರಿನಲ್ಲಿ ಸುತ್ತಿ.
ಉಪ್ಪು ಸಾಲದು ಎಂದವರಿಗೆ ಜವರಮ್ಮ
ಸೌಟನ್ನೇ ಕೈಗೆ ಕೊಟ್ಟರು. ಆಮೇಲೆ ಯಾರೂ ಅನ್ನಲಿಲ್ಲ.

ಚಂದದವು ಮೊದಲು ಹೋದವು.
ಡಾಕ್ಟರ ಹೆಂಡತಿ ನಾಲ್ಕು ಆರಿಸಿದರು,
ಒಂದಕ್ಕೊಂದು ಹೊಂದಬೇಕೆಂದು;
ಯಾವುದೂ ಹೊಂದಲಿಲ್ಲ, ನಕ್ಕು ಕೊಂಡರು.
ಮೂರು ಗಂಟೆಗೆ ಮೇಜಿನ ಮೇಲೆ ಒಂದೇ,
ನನ್ನದು.
ಅಡಿಯಲ್ಲಿ ಕೂದಲೆಳೆಯ ಬಿರುಕು.
ನೀರು ಹಾಕಿ ನೋಡಿದ್ದೆ ಮನೆಯಲ್ಲಿ: ಮೊದಲು ಬೆವರು,
ಆಮೇಲೆ ತೊಟ್ಟು. ಆಮೇಲೆ ಇನ್ನೊಂದು ತೊಟ್ಟು.
ಬಚ್ಚಿಡಲು ಬ್ಯಾಗಿನ ಜಿಪ್ ಎಳೆದೆ.

ಆಗ ಬಂದ ಬೋರಲಿಂಗು,
ಗುತ್ತಲು ರಸ್ತೆಯಲ್ಲಿ ಪಂಚರ್ ಹಾಕುವವನು.
ಟ್ಯೂಬನ್ನು ತೊಟ್ಟಿಯಲ್ಲಿ ಅದ್ದಿ
ಗುಳ್ಳೆ ಎಲ್ಲಿ ಎದ್ದೀತೆಂದು ಕಾಯುವ ಕಣ್ಣು.
ಬಟ್ಟಲನ್ನು ಬಿಸಿಲಿಗೆ ಎತ್ತಿದ, ತಿರುಗಿಸಿದ.
"ಸೋರ್ತದೆ."
"ಹೂಂ. ಇದು ಮಾರೋಕಲ್ಲ."
"ಸೋರೋದ್ರೊಳಗೆ ಉಂಡ್ರಾಯ್ತು ಬುಡಿ."
ಇನ್ನೂರರ ನೋಟು. ನನ್ನ ಬಾಯಿ ತಾನಾಗಿ
ಚಿಲ್ಲರೆ ಇಲ್ಲ ಅಂದುಬಿಟ್ಟಿತು.
"ಇರ್ಲಿ ಕಣಮ್ಮ. ಹದ್ನೆಂಟು ರಾತ್ರಿ ಮನಗಿದ್ದೆ ಅಲ್ಲಿ."
ಯಾರಿಗಾಗಿ ಅನ್ನಲಿಲ್ಲ.
ಅವರು ಮನೆಗೆ ಬಂದರೇ ಎಂದು ಕೇಳಲು
ನನಗೆ ಬಾಯಿ ಬರಲಿಲ್ಲ.

ಅವನು ಬೇಗ ಉಣ್ಣಲೇ ಇಲ್ಲ.
ಕಟ್ಟೆಯ ಮೇಲೆ ಕೂತು
ಬಟ್ಟಲನ್ನು ಮುದ್ದೆಯ ಮೇಲೆಯೇ ಹಿಡಿದ;
ತೊಟ್ಟಿಕ್ಕಿದ ಸಾರು ಮುದ್ದೆಯ ಗುಳಿಗೆ ಇಳಿಯಿತು,
ಒಂದು ಹನಿಯೂ ನೆಲಕ್ಕೆ ಬೀಳದೆ.
ಜವರಮ್ಮ ಕೇಳದೆಯೇ ಇನ್ನೊಂದು ಸೌಟು ಸುರಿದರು.

ಸಂಜೆ, ಪಾತ್ರೆ ಉಜ್ಜುವ ಸದ್ದಿನಲ್ಲಿ
ಫಿಲೋಮಿನಾ ಮೂರು ಸಲ ಎಣಿಸಿದರು.
"ಮೂವತ್ತೊಂದು ಸಾವಿರದ ಏಳುನೂರು.
ಐವತ್ತು ಹೆಚ್ಚಿಗೆ ಬರ್ತಿದೆಯಲ್ಲ,
ಯಾವ ಬಾಬ್ತಿಗೆ ಹಾಕಲಿ?"

ನಮ್ಮ ಆಫೀಸಿನ ಲೆಕ್ಕದಲ್ಲಿ ಅದು
ಯಾವತ್ತೂ ಕಳೆಯುವ ಕಡೆಗೇ ಇರುವ ಪದ.
ಆದರೂ ಹೇಳಿದೆ:
ಸೋರಿಕೆ ಅಂತ ಬರೆದುಕೊಳ್ಳಿ.