ಕೊಕ್ಕರೆಯ ಮೂಲ

ಚೌಕಾಬಾರ ಆಟಕ್ಕೆ ನಾನು ಇಟ್ಟಿದ್ದು ಒಂದೇ ಚಿತ್ರ:
ಬೀಟೆ ಹಲಗೆಯೊಳಗೆ ಕೂಡಿಸಿದ ಕೊಕ್ಕರೆ.
ಮಂಡಿ ಮೊಹಲ್ಲದ ಖುದ್ದೂಸ್ ಸಾಬರ ಕೈಕೆಲಸ.
ಅವರನ್ನು ಕೇಳಿ, ಸ್ಕ್ಯಾನ್ ಮಾಡಿ,
ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ
ಎಂದು ಷರಾ ಬರೆದು ಕಳಿಸಿದ್ದೆ.

ಪರಿಶೀಲಿಸುವ ಹುಡುಗಿ ತಿರುಗಿ ಕೇಳಿದಳು:
ಇದು ಬರೀ ಚುಕ್ಕಿಗಳ ರಾಶಿ ಮೇಡಂ,
ಇದರ ಮೂಲ ಎಲ್ಲಿ?
ಅಂದರೆ, ಮಾಡಿದವರೇ ತಿದ್ದಲು ಕೂತರೆ
ಯಾವುದನ್ನು ಕೈಗೆತ್ತಿಕೊಳ್ಳುತ್ತಾರೋ ಅದು.

ಋಷಿಮೂಲ ನದಿಮೂಲ ಕೇಳಬಾರದಮ್ಮ
ಎಂದು ಟೈಪ್ ಮಾಡಿ
ಅಳಿಸಿದೆ.
ದೋಸೆ ಹಂಚಿ ಹಿಟ್ಟು ಬಚ್ಚಿಡುವವರನ್ನು
ನಾನೇ ಎಷ್ಟು ಸಲ ಬೈದಿಲ್ಲ.

ಸೋಮವಾರ ಸಂಜೆ ಸ್ಕೂಟರ್ ಹತ್ತಿ ಹೋದೆ.
ಕರೆಂಟಿರಲಿಲ್ಲ. ಸಾಬರು ಬಾಗಿಲ ಬೆಳಕಿನಲ್ಲಿ
ಡಬ್ಬಿ ಡಬ್ಬಿ ತಡಕಿದರು.
ಖಾಕಾ ಇತ್ತು ತಾಯಿ, ತೆಳು ಕಾಗದದ್ದು,
ನಮ್ಮಣ್ಣ ಅಜ್ಮತ್ ಬರೆದಿದ್ದು.
ಅದನ್ನೇ ತುಂಡು ಮಾಡಿ
ಹಲಸಿನ ಮೇಲೆ ಕೊಕ್ಕು ಅಂಟಿಸಿದೆ,
ಹಾಲೆಯ ಬಿಳಿ ಮೇಲೆ ಎದೆ,
ಕರಿಮರದ ಮೇಲೆ ರೆಕ್ಕೆಯಂಚು.
ಗರಗಸ ಎಳೆದೆ, ಉಜ್ಜಿದೆ.
ಹಕ್ಕಿ ಬಂತು, ಕಾಗದ ಹೋಯ್ತು.

ನಿಮ್ಮಣ್ಣ?
ಅವನೂ.

ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ,
ಈ ಕುತ್ತಿಗೆಯನ್ನು ಎಡಕ್ಕೆ ತಿರುಗಿಸಬೇಕಾದರೆ
ಎಲ್ಲಿಂದ ಶುರು ಮಾಡ್ತೀರಿ ಅಂದೆ.
ಅವರು ನನ್ನ ಮುಖವನ್ನೇ ನೋಡಿದರು.
ಇದನ್ಯಾಕೆ ತಿರುಗಿಸಲಿ?
ಅದರ ಪಾಡಿಗೆ ಅದು ಆ ಕಡೆ ನೋಡ್ಕೊಂಡಿರಲಿ.
ಬೇರೆ ಮರ ತಗೋತೀನಿ.

ಅನ್ನುತ್ತಲೇ, ಮೇಜಿನ ಮೇಲಿನ ಮರದ ಹುಡಿಯಲ್ಲಿ
ಹೆಬ್ಬೆರಳಿಂದ ಎಳೆದರು
ಒಂದೇ ಗೆರೆ:
ಎಡಕ್ಕೆ ತಿರುಗಿದ ಕುತ್ತಿಗೆ,
ಯಾರೋ ಕರೆದ ಹಾಗೆ.

ನಾನು ಫೋನು ತೆಗೆಯುವಷ್ಟರಲ್ಲಿ
ಕರೆಂಟು ಬಂತು.
ಫ್ಯಾನು ತಿರುಗಿತು.

ರಾತ್ರಿ ಕಡತದ ಕೊನೆಗೆ ಸೇರಿಸಿದೆ:
ಮೂಲ, ಬೀಟೆ ಹಲಸು ಹಾಲೆ ಕರಿಮರ.
ಗೆರೆ ಅಜ್ಮತ್ ಅವರದು, ಗರಗಸ ಖುದ್ದೂಸ್ ಅವರದು.
ಖಾಕಾ ಉಳಿದಿಲ್ಲ. ಬಚ್ಚಿಟ್ಟಿಲ್ಲ.
ಇದಕ್ಕಿಂತ ಹತ್ತಿರ ನನಗೆ ಹೋಗಲಾಗಲಿಲ್ಲ.

ಬೆಳಿಗ್ಗೆ ಉತ್ತರ ಬಂದಿತ್ತು.
ಹಾಗಾದರೆ ಪೂರ್ತಿ ಸ್ಕ್ಯಾನ್ ಕಳಿಸಿ,
ಅಂಚು ಕತ್ತರಿಸದ್ದು, ದೊಡ್ಡ ಅಳತೆಯದು;
ತಿದ್ದುವವರಿಗೆ ಅಷ್ಟಾದರೂ ಸಿಗಲಿ.

ಹುಡುಕಿ ತೆಗೆದು ಕಳಿಸಿದೆ.
ಅದರ ಬಲಗಡೆ, ಹಲಗೆ ಜಾರದಂತೆ
ಗಾಜಿಗೆ ಒತ್ತಿ ಹಿಡಿದ
ಒಂದು ಹೆಬ್ಬೆರಳೂ ಇದೆ.